ಗೊಬ್ಬರ ಹಾಕದ ನಾಲ್ಕು ಸಾಲು

ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ನಾನು ನಮ್ಮ ಹೊಲಕ್ಕೆ ಬುತ್ತಿ ಹೊತ್ತಿದ್ದೆ, ಕಳೆ ತೆಗೆದಿದ್ದೆ, ತೊಗರಿ ಕೊಯ್ದಿದ್ದೆ. ಆದರೆ ಯಾವ ಬೆಳೆಗೆ ಎಷ್ಟು ಗೊಬ್ಬರ ಹಾಕಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಆ ಬಗ್ಗೆ ಯೋಚಿಸಿರಲಿಲ್ಲ. ಅದು ಮಾವನವರು ನಿರ್ಧರಿಸುವ ಮಾತು. ಮಳೆ ಬಿದ್ದ ಮೇಲೆ ಅವರು ಹೊಲದ ನಡುವೆ ನಿಂತು ಒಂದು ಹಿಡಿ ಮಣ್ಣೆತ್ತಿ ಅಂಗೈಯಲ್ಲಿ ಒತ್ತಿ ನೋಡುತ್ತಿದ್ದರು. ಸಂಜೆ ಮನೆಗೆ ಬಂದು "ನಾಳಿ ಬಿತ್ತೋದು" ಎನ್ನುತ್ತಿದ್ದರು. ಅಷ್ಟೇ.

ನಮ್ಮದು ರಾವೂರದ ಹತ್ತಿರ ಏಳು ಎಕರೆ ಒಣಬೇಸಾಯದ ಹೊಲ. ನನ್ನ ಗಂಡ ವಾಡಿಯ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ಹೊಲದ ವಿಷಯಕ್ಕೆ ಅವರು ತಲೆ ಹಾಕಿದವರಲ್ಲ. ಹಾಗಾಗಿ ಮಾವನವರ ಮೊಣಕಾಲು ಪೂರ್ತಿ ಕೈಕೊಟ್ಟ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಅವರು ನನ್ನನ್ನೇ ಕರೆದರು.

"ಯವ್ವಾ, ಈ ವರ್ಷದಿಂದ ಹೊಲ ನೀನೇ ನೋಡ್ಕೊ. ನಾ ಬದುವಿನ ಮ್ಯಾಲ ಕುಂತು ಹೇಳ್ತೀನಿ."

ನನಗೆ ಹಿಗ್ಗೂ ಆಯಿತು, ಹೆದರಿಕೆಯೂ ಆಯಿತು. ಮೊದಲ ಪ್ರಶ್ನೆಯೇ ಗೊಬ್ಬರದ್ದು. ತೊಗರಿಗೆ ಎಕರೆಗೆ ಒಂದೂವರೆ ಚೀಲ ಡಿಎಪಿ, ನಡುವೆ ಒಳ್ಳೆ ಮಳೆಯಾದರೆ ಮೇಲೊಂದಿಷ್ಟು ಯೂರಿಯಾ ಎಂದರು. ಒಂದೂವರೆಯೇ ಏಕೆ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಪ್ರಾಮಾಣಿಕವಾಗಿಯೇ ಹೇಳಿದರು: "ಮೊದಲ ಅರ್ಧ ಚೀಲ ಹಾಕ್ತಿದ್ವಿ. ಆಮ್ಯಾಲ ಒಂದು ಹಾಕಿದ್ವಿ. ಮಂದಿ ಒಂದೂವರೆ ಮಾಡಿದ್ರು, ನಾವೂ ಮಾಡಿದ್ವಿ. ಬೆಳಿ ಕಡಿಮಿ ಬಂದ್ರ ಗೊಬ್ಬರ ಕಡಿಮಿ ಆತು ಅನಿಸ್ತದ. ಜಾಸ್ತಿ ಬಂದ್ರ ಗೊಬ್ಬರದಿಂದ ಬಂತು ಅನಿಸ್ತದ."

ಹಿಂದಿನ ವರ್ಷದ ತೊಗರಿ ನನ್ನ ಕಣ್ಣ ಮುಂದೆ ಇನ್ನೂ ಇತ್ತು. ಆಳೆತ್ತರ ಮೀರಿ ಬೆಳೆದು, ಎಲೆ ಕಪ್ಪಗೆ ದಟ್ಟವಾಗಿ, ಒಳಗೆ ಹೊಕ್ಕರೆ ಮನುಷ್ಯರೇ ಕಾಣದಂತೆ ನಿಂತಿತ್ತು. ರಸ್ತೆಯಲ್ಲಿ ಹೋಗುವವರೆಲ್ಲ ಹೊಗಳಿದ್ದರು. ಕಾಯಿ ಮಾತ್ರ ಅಲ್ಲೊಂದು ಇಲ್ಲೊಂದು. ಅಂಥ ಗಿಡ ಹೊಟ್ಟೆಗಿಲ್ಲದೆ ಹಾಗಾಗಿದೆ ಎಂದು ನಂಬಲು ನನಗೆ ಆಗಲಿಲ್ಲ.

ಅದೇ ವಾರ ಪಂಚಾಯಿತಿಯಲ್ಲಿ ಸರ್ಕಾರದ ಮಣ್ಣು ಪರೀಕ್ಷೆಯ ಕಾರ್ಡು ಹಂಚಿದರು. ನಮ್ಮ ಹೊಲದ ಹೆಸರಿನಲ್ಲೂ ಒಂದಿತ್ತು. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಆ ಕಾರ್ಡಿನ ಅಂಕಿಗಳನ್ನು ನೋಡಿ, ಕಾಲೇಜಿನ ಪ್ರಯೋಗಶಾಲೆಯ ಬಣ್ಣಬಣ್ಣದ ನಳಿಕೆಗಳು ನೆನಪಾಗಿ ಖುಷಿಯಾಯಿತು. ರಂಜಕ ಸಾಕಷ್ಟಿದೆ, ಜಿಂಕ್ ಕಡಿಮೆ, ಗಂಧಕ ಕಡಿಮೆ ಎಂದಿತ್ತು. ರಂಜಕವೆಂದರೆ ನಾವು ಡಿಎಪಿ ಚೀಲದಲ್ಲಿ ತಂದು ಸುರಿಯುವುದು. ಅದು ಮಣ್ಣಿನಲ್ಲಿ ಆಗಲೇ ಸಾಕಷ್ಟಿದ್ದರೆ ಒಂದೂವರೆ ಚೀಲ ಯಾರಿಗಾಗಿ?

ಕಾರ್ಡನ್ನು ತಂದು ಮಾವನವರಿಗೆ ಓದಿ ಹೇಳುತ್ತಿದ್ದೆ. ಆಗ ಪಕ್ಕದ ಹೊಲದ ಅಕ್ಕ ಬಂದಳು. ಬದುವಿನಾಚೆಗಿನ ಮೂರೆಕರೆ ಅವಳದು. ಗಂಡನಿಲ್ಲ, ತಾನೇ ದುಡಿದು ತಾನೇ ಬೆಳೆಯುವವಳು. ಅವಳ ಕೈಯಲ್ಲೂ ಕಾರ್ಡಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಒಂದಂಕಿಯೂ ಬೇರೆ ಇರಲಿಲ್ಲ.

ಮಾವನವರು ನಕ್ಕ ನಗೆಗೆ ಕಟ್ಟೆಯ ಮೇಲಿನ ಬೆಕ್ಕು ಎದ್ದು ಓಡಿತು. "ಅಕೀ ಹೊಲದಾಗ ಮೊಳಕಾಲುದ್ದ ಅಗೆದ್ರ ಹಾಸುಗಲ್ಲು. ನಮ್ಮ ಹೊಲದಾಗ ಆಳುದ್ದ ಎರಿ ಮಣ್ಣು. ಎರಡೂ ಒಂದೇ ಅಂತ! ಈ ಕಾಗದ ನೋಡಿ ಹೊಲ ಮಾಡ್ತೀಯೇನವ್ವಾ?"

ನನಗೆ ಮುಖ ಎತ್ತಲಾಗಲಿಲ್ಲ. ಆದರೆ ಮಣ್ಣನ್ನು ನಾನೇ ಪರೀಕ್ಷೆಗೆ ಕೊಡಬಹುದಲ್ಲ ಎಂದುಕೊಂಡೆ. ಮೊಬೈಲಿನಲ್ಲಿ ನೋಡಿ, ಹೊಲದ ಹತ್ತಾರು ಕಡೆ ಗೇಣುದ್ದದ ಗುಂಡಿ ತೋಡಿ, ಮಣ್ಣು ಕೆರೆದು ಬಕೆಟ್ಟಿನಲ್ಲಿ ಕಲಸಿ, ನೆರಳಲ್ಲಿ ಒಣಗಿಸಿ, ಒಂದು ಪೊಟ್ಟಣ ಕಟ್ಟಿ ಸೇಡಂಗೆ ಹೋಗಿ ಕೊಟ್ಟುಬಂದೆ. ಎರಡು ವಾರದ ನಂತರ ಕಾಗದ ಬಂತು. ಅದರಲ್ಲಿ ಜಿಂಕ್ ಬೇಕಾದಷ್ಟಿದೆ ಎಂದಿತ್ತು. ಮೊದಲ ಕಾರ್ಡು ಕಡಿಮೆ ಎಂದಿತ್ತು, ಇದು ಹೆಚ್ಚು ಎನ್ನುತ್ತಿದೆ. ಯಾವುದು ನಿಜ? ಮಾವನವರು ಈ ಸಲ ನಗಲೂ ಇಲ್ಲ. "ಇನ್ನ ಸಾಕು ಮಾಡು," ಎಂದರು.

ಸಾಕು ಮಾಡುವ ಮೊದಲು ಒಮ್ಮೆ ಕೇಳಿಯೇಬಿಡೋಣ ಎಂದು ಎರಡೂ ಕಾಗದ ಹಿಡಿದು ಮತ್ತೆ ಸೇಡಂ ಬಸ್ಸು ಹತ್ತಿದೆ.

ಮಣ್ಣು ಪರೀಕ್ಷೆ ಮಾಡುವ ಕೋಣೆಯಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಸಾಹೇಬರಿದ್ದರು. ನರೆತ ಗಡ್ಡ, ಹಣೆಯ ಮೇಲೇರಿಸಿದ ಕನ್ನಡಕ, ಬೆರಳ ತುದಿಗೆ ರಾಸಾಯನಿಕದ ಕಲೆ. ನಾನು ಜಗಳಕ್ಕೆ ಬಂದವಳಂತೆ ಕಾಗದಗಳನ್ನು ಮೇಜಿನ ಮೇಲಿಟ್ಟೆ. ಅವರು ಮೊದಲು "ಕುಂದ್ರಿ ಅಕ್ಕಾರ, ನೀರು ಕುಡೀರಿ" ಎಂದರು. ಆಮೇಲೆ ಕನ್ನಡಕ ಇಳಿಸಿಕೊಂಡು ಓದಿದರು.

"ಈ ಕಾರ್ಡು ನಿಮ್ಮ ಹೊಲದ್ದಲ್ರಿ. ಭಾಳ ಹೊಲ ಕೂಡಿಸಿ ಒಂದು ಚೌಕ ಮಾಡಿರ್ತಾರ. ಅದರಾಗ ಒಂದು ಕಡೆ ಮಣ್ಣು ತಗೊಂಡು ಎಲ್ಲಾರಿಗೂ ಅದೇ ಬರೀತಾರ. ಆ ಕಡೀ ಮಣ್ಣು ಅಂದಾಜು ಹ್ಯಾಂಗದ ಅಂತ ತಿಳೀಲಿಕ್ಕ ಅದು ಸಾಕು. ನಿಮ್ಮ ಹೊಲದ್ದು ತಿಳೀಬೇಕಂದ್ರ ಸಾಲ್ದು."

"ಮತ್ತ ಈ ಎರಡನೇದು? ಇದು ನಾನೇ ತಂದಿದ್ದು."

"ಮಣ್ಣು ಯಾವುದರಾಗ ಕಲಸಿದ್ರಿ?"

"ಬಕೆಟ್ಟಿನಾಗ."

"ಪ್ಲಾಸ್ಟಿಕ್ಕಿಂದೋ, ತಗಡಿಂದೋ?"

"ತಗಡಿಂದು. ಹಳೇದು, ದನಕ್ಕ ನೀರು ಕುಡಿಸೋದು."

ಅವರ ಮುಖ ಅರಳಿತು. "ತಗಡಿನ ಬಕೆಟ್ಟಿಗೆ ಜಸ್ತದ ಲೇಪ ಇರ್ತದ್ರಿ. ಜಸ್ತ ಅಂದ್ರೇನೇ ಜಿಂಕ್. ನಿಮ್ಮ ಬಕೆಟ್ ಪರೀಕ್ಷಾ ಮಾಡಿ ಕೊಟ್ಟೀನಿ ನಾನು!"

ನಾನು ನಾಚಿಕೆಯಿಂದ ನಕ್ಕೆ. ಅವರೂ ನಕ್ಕರು. ನಂತರ ಗಂಭೀರವಾಗಿ ಕೇಳಿದರು: "ನಿಮ್ಮ ಏಳು ಎಕರೆ ಪೂರಾ ಒಂದೇ ನಮೂನಿ ಮಣ್ಣು ಅದ ಏನ್ರಿ?"

ಹನ್ನೊಂದು ವರ್ಷ ಆ ಹೊಲದಲ್ಲಿ ದುಡಿದಿದ್ದರೂ ಅದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ; ಹಾಗೆಂದೇ ಹೇಳಿದೆ.

"ಮನ್ಯಾಗ ಹಿರೇರಿದ್ರ ಅವರ್ನ ಕೇಳ್ರಿ. ಬ್ಯಾರೆ ಬ್ಯಾರೆ ಮಣ್ಣು ಬ್ಯಾರೆ ಬ್ಯಾರೆ ತರ್ರಿ. ಆಮ್ಯಾಲ ನನ್ನ ಕಾಗದಾನೂ ಸುಮ್ಮ ನಂಬಬ್ಯಾಡ್ರಿ. ಹೊಲದಾಗ ನಾಕು ಸಾಲು ಕಾಗದ ಹೇಳಿದಂಗ ಮಾಡ್ರಿ, ನಾಕು ಸಾಲಿಗೆ ಏನೂ ಹಾಕಬ್ಯಾಡ್ರಿ, ಉಳಿದಿದ್ದು ನಿಮ್ಮ ರೂಢಿಯಂಗ ಮಾಡ್ರಿ. ರಾಶಿ ಮಾಡುಮುಂದ ಬ್ಯಾರೆ ಬ್ಯಾರೆ ತೂಕ ಮಾಡಿ ನೋಡ್ರಿ. ಫರಕ್ ತಿಳೀತದ."

ಮನೆಗೆ ಬಂದು ಬಕೆಟ್ಟಿನ ಕಥೆಯನ್ನು ಮುಚ್ಚಿಡದೆ ಹೇಳಿದೆ. ಹೊಲದಲ್ಲಿ ಎಷ್ಟು ನಮೂನೆ ಮಣ್ಣಿದೆ ಎಂದು ಮಾವನವರನ್ನು ಕೇಳಿದೆ. ಇಷ್ಟು ದಿನ ಕಾಗದವೆಂದರೆ ಮೂಗು ಮುರಿಯುತ್ತಿದ್ದವರು ತಕ್ಷಣ ಕೋಲು ಹಿಡಿದು ಎದ್ದರು. ಮೊಣಕಾಲು ನೋವೆಲ್ಲಿ ಹೋಯಿತೋ. ಅವತ್ತು ಮಧ್ಯಾಹ್ನವೆಲ್ಲ ನನ್ನನ್ನು ಹೊಲದ ಉದ್ದಗಲಕ್ಕೆ ನಡೆಸಿದರು. ಇಲ್ಲಿಂದ ಇಲ್ಲಿಗೆ ಎರೆ, ಆಳವಾದ ಕಪ್ಪು ಮಣ್ಣು. ಈ ಜಾಲಿ ಗಿಡದಿಂದ ಮೇಲಕ್ಕೆ ಮಡ್ಡಿ, ತೆಳ್ಳಗಿನ ಮಣ್ಣು, ಕೆಳಗೆ ಬಿಳಿಕಲ್ಲು. ಹಳ್ಳದ ಕಡೆ ಅರ್ಧ ಎಕರೆ ತಗ್ಗು, ಮಳೆ ಹೆಚ್ಚಾದರೆ ನೀರು ನಿಲ್ಲುತ್ತದೆ. ಒಂದು ಕಡೆ ಕೋಲೂರಿ ನಿಂತು, "ಇಲ್ಲಿ ಮಣ್ಣು ತಗೀಬ್ಯಾಡ, ಹಿಂದಕ ಇಲ್ಲಿ ಕುರಿ ನಿಲ್ಲಿಸ್ತಿದ್ವಿ, ಹಿಕ್ಕಿ ಭಾಳ ಬಿದ್ದದ, ಈ ಜಾಗಾ ಸುಳ್ಳು ಹೇಳ್ತದ" ಎಂದರು. ಸಾಹೇಬರು ಹೇಳಬಹುದಾಗಿದ್ದ ಮಾತನ್ನೇ ಅವರು ತಮ್ಮ ರೀತಿಯಲ್ಲಿ ಹೇಳಿದ್ದರು. ನನಗೆ ರೋಮಾಂಚನವಾಯಿತು.

ಈ ಸಲ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮೂರು ಪೊಟ್ಟಣ ಮಾಡಿ ಕೊಟ್ಟೆ. ಜಿಂಕ್ ಮೂರರಲ್ಲೂ ಕಡಿಮೆ, ಗಂಧಕವೂ ಕಡಿಮೆ. ಎರೆಯಲ್ಲಿ ರಂಜಕ ಬೇಕಾದಷ್ಟು, ಮಡ್ಡಿಯಲ್ಲಿ ಅಷ್ಟಿಲ್ಲ. ಎರೆಗೆ ಡಿಎಪಿ ಅರ್ಧ ಚೀಲ ಸಾಕು, ಮಡ್ಡಿಗೆ ಒಂದು ಚೀಲ ಇರಲಿ, ಎಲ್ಲಕ್ಕೂ ಜಿಪ್ಸಂ ಮತ್ತು ಸ್ವಲ್ಪ ಜಿಂಕ್ ಸಲ್ಫೇಟ್ ಹಾಕಿ, ಯೂರಿಯಾ ಬೇಡ ಎಂದು ಸಾಹೇಬರು ಹಿಂಬದಿಯಲ್ಲಿ ಕೈಯಿಂದ ಬರೆದಿದ್ದರು. ಜಿಂಕನ್ನು ಡಿಎಪಿ ಜೊತೆ ಕೂಡಿಸಬೇಡಿ, ತಿಪ್ಪೆ ಗೊಬ್ಬರದಲ್ಲಿ ಕಲಸಿ ಹಾಕಿ ಎಂದೂ ಇತ್ತು.

ಮಾವನವರು ಒಪ್ಪಲಿಲ್ಲ. ಅವರಿಗೆ ಅರ್ಧ ಚೀಲದ ಮಾತು ಮಗುವಿಗೆ ಅರ್ಧ ರೊಟ್ಟಿ ಹಾಕಿದಂತೆ ಕೇಳಿಸಿತು. ಕೊನೆಗೆ ಎರೆಯ ಹೊಲದಲ್ಲಿ ಮಾತ್ರ ಸಾಹೇಬರು ಹೇಳಿದ ಹಾಗೆ ಸಾಲು ಬಿಟ್ಟು ನೋಡುವುದಕ್ಕೆ ಹೂಂ ಎಂದರು. ಕಾಗದದ ನಾಲ್ಕು ಸಾಲು, ಏನೂ ಹಾಕದ ನಾಲ್ಕು ಸಾಲು. ಎರಡಕ್ಕೂ ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿದೆ. ಉಳಿದದ್ದೆಲ್ಲ ಒಂದೂವರೆ ಚೀಲ.

ಆ ವರ್ಷ ಮಳೆ ಸರಿಯಾಗಿ ಆಯಿತು. ಗೊಬ್ಬರವಿಲ್ಲದ ಸಾಲುಗಳು ಮೊದಮೊದಲು ಸ್ವಲ್ಪ ಕುಳ್ಳಗೆ ಕಂಡವು. ಗಣೇಶ ಚೌತಿಯ ಹೊತ್ತಿಗೆ ಅವೂ ಚೇತರಿಸಿಕೊಂಡವು. ದಸರೆಗೆ ಹೂ ತುಂಬಿದಾಗ ಯಾವುದು ಯಾವುದೆಂದು ಬಟ್ಟೆ ನೋಡಿಯೇ ಹೇಳಬೇಕಾಯಿತು. ಒಂದೂವರೆ ಚೀಲದ್ದರಲ್ಲೂ ನಾಲ್ಕು ಸಾಲು ಬೇರೆ ತೆಗೆದು, ರಾಶಿ ಮಾಡಿ ಬೇರೆ ಬೇರೆ ತೂಗಿದೆ. ಮೂರೂ ಸಮ! ಏನೂ ಹಾಕದ ಸಾಲು ಒಂದೂವರೆ ಚೀಲದ ಸಾಲಿಗೆ ಸಮನಾಗಿ ನಿಂತಿತ್ತು. ನಾನು ಎರಡನೇ ಸಲ ತೂಗಿದೆ. ಮೂರನೇ ಸಲವೂ ತೂಗಿದೆ.

ನನ್ನ ಕಾಲು ನೆಲದ ಮೇಲಿರಲಿಲ್ಲ. ನಮ್ಮ ಊರಿನ ಹೆಂಗಸರ ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಇಷ್ಟು ವರ್ಷ ಸುಮ್ಮನೆ ಸುರಿದಿದ್ದೇವೆ, ನಮ್ಮ ಮಣ್ಣಿಗೆ ಗೊಬ್ಬರವೇ ಬೇಕಿಲ್ಲ ಎಂದೆ. ಸಾಹೇಬರು ಹಾಗೆ ಹೇಳಿರಲಿಲ್ಲ. ಅವರ ಕಾಗದವೂ ಹೇಳಿರಲಿಲ್ಲ. ಸಂತೋಷದ ಭರದಲ್ಲಿ ನಾನೇ ಒಂದು ಹೆಜ್ಜೆ ಮುಂದೆ ಹೋಗಿದ್ದೆ.

ಬೇಸಿಗೆ ಕಳೆಯಿತು. ಮುಂದಿನ ಬಿತ್ತನೆಗೆ ಇನ್ನೇನು ನಾಲ್ಕೈದು ದಿನವಿರುವಾಗ ಪಕ್ಕದ ಹೊಲದ ಅಕ್ಕ ಮನೆಗೆ ಬಂದಳು. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ, "ಈ ವರ್ಷ ನಾ ಗೊಬ್ಬರ ತರಲೇ ಇಲ್ಲ ನೋಡು. ಮೂರೂ ಎಕರೆ ಹಂಗೇ ಬಿತ್ತೋದು. ನಿಂದು ನೋಡಿ ಧೈರ್ಯ ಬಂತು ನಂಗ," ಎಂದು ಸಂತೋಷದಿಂದ ಹೇಳಿದಳು. ಮಾವನವರು ಬಾಗಿಲ ಪಕ್ಕ ಕುಳಿತಿದ್ದರು. ಅವರ ಕೈಯಲ್ಲಿದ್ದ ಚಹಾ ಹಾಗೇ ಆರಿತು. ಊಟಕ್ಕೆ ಕರೆದರೆ ಒಂದು ರೊಟ್ಟಿ ಮುರಿದು ಎದ್ದುಬಿಟ್ಟರು. ಮೊಣಕಾಲು ನೋಯುತ್ತಿರಬೇಕು ಎಂದುಕೊಂಡೆ.

ಮರುದಿನ ಬೆಳಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಹತ್ತಿರ ಬಂದು ನಿಂತರು.

"ಯವ್ವಾ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ."

"ಏನ್ರಿ ಮಾವಾರ?"

"ಆ ನಾಕು ಸಾಲಿಗೆ ನಾ ಗೊಬ್ಬರ ಹಾಕೀನಿ."

ಪೊರಕೆ ಕೈಯಲ್ಲೇ ನಿಂತಿತು. "ಯಾವಾಗ?"

"ಕಳಿ ತಗೀಲಿಕ್ಕ ಸಾಲಿನ ನಡುವ ಮೊದಲ ಎಡಿ ಹೊಡಿಯೋ ಮುಂದ. ನೀ ತವರಮನಿಗೆ ಹೋಗಿದ್ದಿ. ಬಾಜೂ ಗಿಡ ಎಲ್ಲಾ ಎದ್ದು ನಿಂತಾವ, ಇವು ಬಾಡಿದ ಮಾರಿ ಮಾಡ್ಯಾವ. ಇವೇನು ಪಾಪ ಮಾಡ್ಯಾವ ಅನಿಸ್ತು. ಬುಡಬುಡಕ್ಕ ಒಂದೊಂದು ಚಿಟಿಕಿ ಹಾಕಿ ಮಣ್ಣು ಮುಚ್ಚಿದೆ. ನೀ ಮುಂದ ಅಷ್ಟು ಖುಷಿ ಆದಿ, ಹೇಳಲಿಕ್ಕ ಬಾಯಿ ಬರಲಿಲ್ಲ."

ನನಗೆ ಸಿಟ್ಟು ಬಂತು. ಬಂದದ್ದನ್ನು ತೋರಿಸಿಯೂ ಬಿಟ್ಟೆ; ಪೊರಕೆ ಬಿಸಾಡಿ ಒಳಗೆ ಹೋದೆ. ಒಲೆಯ ಮುಂದೆ ಕುಳಿತಾಗ ಸಿಟ್ಟಿಗಿಂತ ಹೆದರಿಕೆ ದೊಡ್ಡದಾಯಿತು. ಅಕ್ಕನದು ಪೂರಾ ಮಡ್ಡಿ ಹೊಲ. ಮೂರೆಕರೆಯೇ ಅವಳ ವರ್ಷದ ಅನ್ನ. ನನ್ನ ಮಾತು ಕೇಳಿ ಅವಳು ಬರಿಗೈಯಲ್ಲಿ ಬಿತ್ತಿದ್ದರೆ? ಮಾವನವರು ಸುಮ್ಮನಿದ್ದಿದ್ದರೆ ಅವರ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಇನ್ನೊಂದು ಮಾತೂ ಹೊಳೆಯಿತು: ಏನೂ ಹಾಕದ ಸಾಲು ಅಷ್ಟು ಚೆನ್ನಾಗಿ ಬಂದದ್ದರ ಬಗ್ಗೆ ನನಗೆ ಅನುಮಾನ ಬರಬೇಕಿತ್ತು. ನನಗೆ ಬೇಕಾದ ಉತ್ತರ ಬಂದಿತ್ತು, ಅದಕ್ಕೇ ಬರಲಿಲ್ಲ. ಜಿಂಕ್ ಹೆಚ್ಚಿದೆ ಎಂದಾಗ ಸೇಡಂವರೆಗೆ ಹೋಗಿ ಕೇಳಿದವಳು, ಈ ಸಲ ಸಭೆಯಲ್ಲಿ ಭಾಷಣ ಮಾಡಿದ್ದೆ.

ಹೊರಗೆ ಬಂದು ನೋಡಿದರೆ ಮಾವನವರು ಅಂಗಳದಲ್ಲಿಲ್ಲ. ಕೋಲೂರಿಕೊಂಡು ಅಕ್ಕನ ಮನೆಯ ದಾರಿ ಹಿಡಿದಿದ್ದರು. ನಾನು ಓಡುತ್ತ ಹೋಗಿ ಜೊತೆಗೂಡಿದೆ. ಅವಳ ಬಾಗಿಲಲ್ಲಿ ನಿಂತು ಅವರೇ ಎಲ್ಲವನ್ನೂ ಹೇಳಿದರು, ಒಂದು ಮಾತೂ ಬಿಡದೆ. "ತಪ್ಪು ನಂದವ್ವಾ. ನಿನ್ನ ಹೊಲಕ್ಕ ಗೊಬ್ಬರ ಬೇಕು. ಇವತ್ತೇ ತರಿಸ್ಕೊ."

"ನಂದೂ ತಪ್ಪದ ಅಕ್ಕಾ. ನಾ ಹೇಳಬಾರದ್ದು ಹೇಳಿದೆ," ಎಂದೆ.

ಅಕ್ಕ ಇಬ್ಬರನ್ನೂ ಸರದಿಯಂತೆ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. "ಅಜ್ಜಾರ, ಗಿಡಕ್ಕ ಹಸಿವಿ ಆಗ್ಯದಂತ ಕಳ್ಳತನದಿಂದ ಉಣಿಸಿದ್ರಾ?" ಮಾವನವರೂ ನಕ್ಕರು. ನಾನು ನಗುತ್ತಲೇ ಕಣ್ಣೊರೆಸಿಕೊಂಡೆ. ಆ ದಿನವೇ ಅವಳು ಗೊಬ್ಬರ ತಂದಳು. ಸಂಘದ ಉಳಿದವರಿಗೆ ನಾನು ಮನೆಮನೆಗೆ ಹೋಗಿ ತಿದ್ದಿ ಹೇಳಿದೆ.

ಸೇಡಂ ಸಾಹೇಬರಿಗೂ ಹೋಗಿ ಹೇಳಿದೆ. ಅವರು ಕುರ್ಚಿಗೆ ಒರಗಿ ಮನಸಾರೆ ನಕ್ಕು, "ನಿಮ್ಮ ಮಾವನವರು ಒಳ್ಳೇ ಮನುಷ್ಯಾರಿ. ಆದ್ರ ಪರೀಕ್ಷಾ ಹಾಳಾತು. ಮತ್ತ ಮಾಡ್ರಿ. ಹಂಗೂ ಒಂದು ವರ್ಷದ್ದು ನಂಬಬ್ಯಾಡ್ರಿ, ಮಳಿ ಒಂದೊಂದು ವರ್ಷ ಒಂದೊಂದು ನಮೂನಿ," ಎಂದರು.

ಮತ್ತೆ ಮಾಡಿದೆವು. ಈ ಸಲ ಎರೆಯಲ್ಲಿ ಒಂದು, ಮಡ್ಡಿಯಲ್ಲಿ ಒಂದು, ಎರಡು ಕಡೆ ಸಾಲು ಬಿಡೋಣ ಎಂದು ಹೇಳಿದವರು ಮಾವನವರೇ. ಕಾವಲೂ ಅವರದೇ. "ಕೈ ಕಟ್ಟಿ ಕುಂದರ್ತೀನಿ" ಎಂದು ನಿಜವಾಗಿಯೂ ಎರಡೂ ಕೈ ಕಟ್ಟಿಕೊಂಡು ಬದುವಿನ ಮೇಲೆ ಕುಳಿತರು. ಮಡ್ಡಿಯ ನಾಲ್ಕು ಸಾಲು ಬಡಕಲಾಗಿ ನಿಂತಾಗ ಅವರಿಗೆ ಸಂಕಟವಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಆ ಕಡೆ ಹೋಗುವಾಗ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದರು.

ಕಾಯಿ ಬಲಿತಾಗ ಒಂದು ಮಧ್ಯಾಹ್ನ ಪ್ರತಿ ನಮೂನೆಯ ಸಾಲಿನಿಂದ ಐದೈದು ಗಿಡದ ಕಾಯಿ ಕಿತ್ತು ತಂದರು. ಸ್ಟೀಲಿನ ತಾಟುಗಳಲ್ಲಿ ಬೇರೆ ಬೇರೆ ಹಾಕಿ, ಬಿಡಿಸಿ, ಕಾಳು ಎಣಿಸಲು ಕುಳಿತರು. ನಾನು ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆಂದು ಕೈಸನ್ನೆ ಮಾಡಿದರು. ಎರೆಯಲ್ಲಿ ಅರ್ಧ ಚೀಲ ಡಿಎಪಿ ಮತ್ತು ಜಿಂಕ್ ಜಿಪ್ಸಂ ಹಾಕಿದ ಸಾಲು, ಒಂದೂವರೆ ಚೀಲದ ಸಾಲಿಗಿಂತ ಕುಳ್ಳಗಿದ್ದರೂ ಕಾಳಿನಲ್ಲಿ ತುಸು ಮುಂದಿತ್ತು. ಏನೂ ಹಾಕದ್ದು ಸ್ವಲ್ಪ ಹಿಂದೆ. ಮಡ್ಡಿಯಲ್ಲಿ ಏನೂ ಹಾಕದ ಸಾಲಿನ ತಾಟು ನೋಡಿದರೇ ಗೊತ್ತಾಗುತ್ತಿತ್ತು. ಅರ್ಧಕ್ಕರ್ಧ ಕಾಯಿ ಜೊಳ್ಳು. ಅಕ್ಕ ಹಿಂದಿನ ಮಾತಿನಂತೆ ಬಿತ್ತಿದ್ದರೆ ಅವಳ ಮೂರೂ ಎಕರೆ ಹೀಗೇ ಇರುತ್ತಿತ್ತು. ರಾಶಿಯ ತೂಕವೂ ಮುಂದೆ ಇದನ್ನೇ ಹೇಳಿತು.

ಮಾವನವರು ಕಾಳುಗಳನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸಿ ಮತ್ತೊಮ್ಮೆ ನೋಡಿದರು.

"ಕಾಗದ ಖರೇ ಹೇಳ್ಯದ," ಎಂದರು. ಆಮೇಲೆ, "ನಾ ಹಾಕಿದ್ದ ಒಂದೂವರೆ ಚೀಲದಾಗ ಎಷ್ಟು ಸುಮ್ಮ ಹೋತೋ," ಎಂದರು.

"ಮಾವಾರ, ನೀವು ಎರಿ ಯಾವುದು, ಮಡ್ಡಿ ಯಾವುದು ತೋರಿಸಲಿಲ್ಲಂದ್ರ ಕಾಗದಕ್ಕೂ ಗೊತ್ತಾಗ್ತಿರಲಿಲ್ಲ," ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ನಿಜವೇ.

ಕಾಗದ ಹೇಳದ್ದೂ ಇತ್ತು. ಹಳ್ಳದ ಕಡೆಯ ತಗ್ಗಿನ ಮಣ್ಣು ಕಾಗದದಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು. ಅದೇ ವರ್ಷ ನೀರು ನಿಂತು ಅಲ್ಲಿಯ ತೊಗರಿ ಬುಡದಿಂದಲೇ ಒಣಗಿಹೋಯಿತು. ಅಲ್ಲಿ ಯಾವ ಗೊಬ್ಬರ ಎಷ್ಟು ಹಾಕಿದ್ದರೂ ಅಷ್ಟೇ. ಆ ಅರ್ಧ ಎಕರೆಗೆ ಈಗ ತೊಗರಿ ಬಿಟ್ಟು, ಹಿಂಗಾರಿಯಲ್ಲಿ ಜೋಳ ಹಾಕುತ್ತೇವೆ.

ಇದೆಲ್ಲ ನಡೆದು ಕೆಲವು ವರ್ಷಗಳಾದವು. ಈಗ ಯಾರಾದರೂ ಮಣ್ಣು ಪರೀಕ್ಷೆಯನ್ನು ನಂಬಬೇಕೋ ಬೇಡವೋ ಎಂದು ಕೇಳಿದರೆ ನನಗೆ ಒಂದೇ ಮಾತಿನ ಉತ್ತರ ಬರುವುದಿಲ್ಲ. ಮಣ್ಣು ಎಲ್ಲಿಂದ ತಗೊಂಡಿರಿ, ಯಾರು ತಗೊಂಡರು, ಯಾವುದರಲ್ಲಿ ಕಲಸಿದಿರಿ ಎಂದು ತಿರುಗಿ ಕೇಳುತ್ತೇನೆ. ನಮ್ಮ ಎರೆಗೆ ಡಿಎಪಿ ಅರ್ಧ ಚೀಲಕ್ಕೆ ಇಳಿದಿದೆ. ಮಡ್ಡಿಗೆ ಒಂದೇ ಚೀಲ. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಕೊಡುತ್ತೇವೆ. ಅಂಕಿ ಬದಲಾದರೆ ನಾವೂ ಬದಲಾಗುತ್ತೇವೆ. ಸಾಹೇಬರು ನಿವೃತ್ತರಾಗಿ ಸೇಡಂನಲ್ಲೇ ಇದ್ದಾರೆ. ಅವರ ಜಾಗಕ್ಕೆ ಬಂದ ಹುಡುಗಿ ಚಿಂಚೋಳಿಯ ಕಡೆಯವಳು, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಹೇಳುತ್ತಾಳೆ.

ಈ ಬೇಸಿಗೆಯಲ್ಲಿ ಸಂಘದ ಹದಿನಾಲ್ಕು ಮನೆಗಳ ಮಣ್ಣನ್ನು ಒಟ್ಟಿಗೆ ಒಯ್ದೆವು. ಎಲ್ಲರ ಹೊಲಕ್ಕೂ ಮಾವನವರು ಹೋಗಿದ್ದರು; ಮೊಣಕಾಲಿಗಾಗಿ ಅಕ್ಕ ತನ್ನ ತಮ್ಮನ ಆಟೋ ಗೊತ್ತು ಮಾಡಿದ್ದಳು. ಎಲ್ಲಿ ಮಣ್ಣು ಬದಲಾಗುತ್ತದೆ ಎಂದು ಅವರು ಕೋಲಿನಿಂದ ಗೆರೆ ಎಳೆಯುವುದು, ನಾವು ಗೆರೆಯ ಆಚೆಗೊಂದು ಈಚೆಗೊಂದು ಪೊಟ್ಟಣ ಮಾಡುವುದು. ಮಾವನವರನ್ನೂ ಕರೆದುಕೊಂಡು ಸೇಡಂ ತಲುಪಿದಾಗ ಆ ಹುಡುಗಿ ಪೊಟ್ಟಣಗಳ ರಾಶಿ ನೋಡಿ, "ಅಜ್ಜಾರ, ಇಷ್ಟೆಲ್ಲಾ ಬ್ಯಾರೆ ಬ್ಯಾರೆ ಯಾರು ಮಾಡಿದ್ರಿ?" ಎಂದು ಕೇಳಿದಳು.

ಮಾವನವರು ಕುರ್ಚಿ ಎಳೆದು ಅವಳ ಮೇಜಿನ ಪಕ್ಕ ಕುಳಿತರು. ಮೊದಲ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ಹಾಕಿಕೊಂಡು ಅವಳತ್ತ ಚಾಚಿದರು. "ಬರ್ಕೋ ತಂಗಿ," ಎಂದರು, "ಒಂದೊಂದಾಗಿ ಹೇಳ್ತೀನಿ."